ಬ್ಯಾರೆಟ್ಟರ ಅನ್ನನಾಳ: ಅರ್ಬುದದ ಮುಂಗುರುತುಗಳ ಶೋಧ

ನುಂಗಿದ ಅನ್ನವು ಗಂಟಲಿನಿಂದ ಜಠರವನ್ನು ಸೇರುವ ಹಾದಿಗೆ ಅನ್ನನಾಳವೆಂದು ಹೆಸರು. ಬೆಳೆದ ಮನುಷ್ಯನಲ್ಲಿ ಇದರ ಉದ್ದವು ಸುಮಾರು 25 ಸೆಂಟಿಮೀಟರು. ಇದರ ಒಳಮೈಯನ್ನು ಚಪ್ಪಟೆಯಾದ ಜೀವಕೋಶಗಳು ಪದರ ಪದರವಾಗಿ ಹೊದೆದಿರುವುವು. ಅದರ ಬಣ್ಣ ಮಾಸಲು ಗುಲಾಬಿ. ಜಠರದ ಒಳಮೈಯಾದರೋ ಬೇರೆಯ ಬಗೆಯದು. ಅಲ್ಲಿನ ಕೋಶಗಳು ಕಂಬಗಳಂತೆ ಒತ್ತಾಗಿ ನಿಂತಿರುವುವು; ಲೋಳೆಯನ್ನು ಸ್ರವಿಸಿ ಆಮ್ಲದ ಉರಿಯನ್ನು ತಾಳಿಕೊಳ್ಳುವುವು; ಬಣ್ಣವು ಕೆಂಪು. ಇವೆರಡೂ ಕೂಡುವೆಡೆಯಲ್ಲಿ ಒಂದು ಅಂಕುಡೊಂಕಾದ ಗೆರೆ ಸ್ಪಷ್ಟವಾಗಿ ಕಾಣುವುದು. ಕೆಲವರಲ್ಲಿ ಮಾತ್ರ ಈ ಗೆರೆಯು ತನ್ನ ಎಲ್ಲೆಯಲ್ಲಿ ನಿಲ್ಲದೆ ಮೇಲಕ್ಕೆ ಸರಿದಿರುವುದು; ಕೆಂಪು ಪೊರೆಯು ನಾಲಗೆಗಳಂತೆ ಚಾಚಿಕೊಂಡು ಅನ್ನನಾಳದ ಕೆಳಭಾಗವನ್ನು ಆಕ್ರಮಿಸಿರುವುದು. ಜಠರದ ಆಮ್ಲವೂ ಪಿತ್ತವೂ ವರ್ಷಗಟ್ಟಲೆ ಮೇಲಕ್ಕುಕ್ಕಿ ನಾಳದ ಸಹಜವಾದ ಒಳಮೈಯನ್ನು ಸುಟ್ಟ ಬಳಿಕ, ಅದರ ಸ್ಥಾನದಲ್ಲಿ ಈ ಹೊಸ ಪೊರೆಯು ಬೆಳೆಯುವುದೆಂದು ಈಗ ತಿಳಿದಿದೆ. ಈ ಸ್ಥಿತಿಗೆ ವೈದ್ಯರು ಬ್ಯಾರೆಟ್ಟರ ಅನ್ನನಾಳವೆಂದು ಹೆಸರಿಟ್ಟಿರುವರು.

ಹೊಸ ಪೊರೆಯಿಂದ ರೋಗಿಗೆ ತಾನಾಗಿ ನೋವಿಲ್ಲ. ಎಷ್ಟೋ ಜನರಿಗೆ ಎದೆಯುರಿಯು ಮೊದಲಿಗಿಂತ ಕಡಮೆಯಾಗುವುದೂ ಉಂಟು. ಆದರೆ ಈ ಪೊರೆಯನ್ನು ಹೊತ್ತವರಲ್ಲಿ ಕೆಲವರಿಗೆ ಅದೇ ಸ್ಥಳದಲ್ಲಿ ಗ್ರಂಥಿಜನ್ಯ ಅರ್ಬುದವು ಹುಟ್ಟುವುದು. ಅದು ಅನ್ನವನ್ನು ತಡೆಯುವಷ್ಟು ಬೆಳೆದ ಮೇಲೆ ಕಂಡುಬಂದರೆ ಬದುಕುವವರು ವಿರಳ. ಮೇಲ್ಪದರದಲ್ಲಿರುವಾಗಲೇ ಸಿಕ್ಕಿದರೆ ಪೂರ್ತಿಯಾಗಿ ಕಿತ್ತುಹಾಕಬಹುದು. ಹಾಗಾದರೆ ಪೊರೆಯು ಬದಲಾದವರಲ್ಲಿ ಯಾರು ಅರ್ಬುದಕ್ಕೆ ಗುರಿಯಾಗುವರು, ಯಾರು ನಿಶ್ಚಿಂತರಾಗಿರಬಹುದು, ಇದನ್ನು ಮುಂಚಿತವಾಗಿ ತಿಳಿಯಲು ಯಾವುದಾದರೂ ಗುರುತುಂಟೆ? ಕಳೆದ ನಾಲ್ಕು ದಶಕಗಳಿಂದ ಮೇಲ್ಪಟ್ಟು ಹಲವು ದೇಶಗಳ ವಿದ್ವಾಂಸರು ಈ ಪ್ರಶ್ನೆಯನ್ನು ಬೆನ್ನಟ್ಟಿದ್ದಾರೆ.

ಅನ್ನನಾಳದ ಹುಣ್ಣುಗಳ ವಿಷಯವು ಹತ್ತೊಂಬತ್ತನೆಯ ಶತಮಾನದ ವೈದ್ಯರಿಗೆ ತಿಳಿಯದುದಾಗಿರಲಿಲ್ಲ. ಆದರೆ ಅವರು ಕಂಡುದೆಲ್ಲವೂ ಸತ್ತವರ ದೇಹವನ್ನು ಸೀಳಿದಾಗ ಕಂಡುದು. ಬದುಕಿರುವವನ ನಾಳದೊಳಕ್ಕೆ ಇಣಿಕಿ ನೋಡುವ ಸಾಹಸವನ್ನು 1868ರಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿ ಆಡಾಲ್ಫ್ ಕುಸ್ಮೌಲರು ಮಾಡಿದರು. ಕತ್ತಿ ನುಂಗುವ ವಿದ್ಯೆಯಿಂದ ಹೊಟ್ಟೆ ಹೊರೆಯುತ್ತಿದ್ದವನೊಬ್ಬನು ಅವರ ಲೋಹದ ನಳಿಕೆಯನ್ನೂ ಕತ್ತಿಯಂತೆಯೇ ನುಂಗಿದನು. ಅಂದಿನ ದೀಪದ ಬೆಳಕು ಸಾಲದೆ ಹೋದುದರಿಂದ ಹೆಚ್ಚೇನೂ ಕಾಣಲಿಲ್ಲವಾದರೂ ದಾರಿ ತೆರೆಯಿತು. 1906ರಲ್ಲಿ ಅಮೆರಿಕಾದ ವೈಲ್ಡರ್ ಟೈಲ್ಸ್ಟನ್ ಎಂಬವರು ಅನ್ನನಾಳದ ಹುಣ್ಣುಗಳನ್ನು ಕುರಿತು ಬರೆಯುತ್ತ, ಹುಣ್ಣಿನ ಸುತ್ತಲಿನ ಪೊರೆಯು ಜಠರದ ಪೊರೆಯನ್ನು ಹೋಲುವುದನ್ನು ಗಮನಿಸಿದರು. ಅದಕ್ಕೆ ಯಾರೂ ಅಷ್ಟಾಗಿ ಬೆಲೆ ಕೊಡಲಿಲ್ಲ.

ನಾರ್ಮನ್ ರೂಪರ್ಟ್ ಬ್ಯಾರೆಟ್ಟರು 1903ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ಬಂದು, ಈಟನ್ ಶಾಲೆಯಲ್ಲಿಯೂ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿಯೂ ಓದಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾದರು. ಎದೆಗೂಡಿನ ಶಸ್ತ್ರಚಿಕಿತ್ಸೆಯು ಆಗ ಎಳೆಯ ವಿದ್ಯೆ. 1946ರಲ್ಲಿ ‘ಥೋರಾಕ್ಸ್’ ಎಂಬ ಪತ್ರಿಕೆಯು ಆರಂಭವಾದಾಗ ಅದರ ಮೊದಲ ಸಂಪಾದಕರು ಅವರೇ. ಇಪ್ಪತ್ತೈದು ವರ್ಷ ಆ ಭಾರವನ್ನು ಹೊತ್ತರು. 1947ರಲ್ಲಿ ಅವರು, ತಾನಾಗಿ ಒಡೆದುಹೋದ ಅನ್ನನಾಳವನ್ನು ಹೊಲಿದು ರೋಗಿಯನ್ನು ಉಳಿಸಿದರು. ಹಾಲೆಂಡಿನ ಬೋರ್ಹಾವೆಯು ಈ ಅನಾಹುತವನ್ನು 1724ರಲ್ಲಿ ವರ್ಣಿಸಿದ ದಿನದಿಂದ ಅಲ್ಲಿಯವರೆಗೆ ಇದು ಮರಣಕ್ಕೆ ಇನ್ನೊಂದು ಹೆಸರಾಗಿದ್ದಿತು. ಅವರ ಕೀರ್ತಿಗೆ ಈ ಒಂದು ಕೆಲಸವೇ ಸಾಕಾಗಿದ್ದಿತು. ಆದರೆ ಲೋಕವು ಅವರನ್ನು ನೆನೆಯುವುದು ಅವರು ಹಿಡಿದು ಬಿಟ್ಟುಕೊಟ್ಟ ಒಂದು ವಾದದ ಮೂಲಕ.

1950ರಲ್ಲಿ ಬ್ಯಾರೆಟ್ಟರು ಬ್ರಿಟಿಷ್ ಶಸ್ತ್ರವೈದ್ಯ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅನ್ನನಾಳವೆಂದರೆ ಚಪ್ಪಟೆ ಕೋಶಗಳ ಒಳಮೈಯುಳ್ಳ ನಾಳ. ಆ ಒಳಮೈ ಎಲ್ಲಿ ಮುಗಿಯುವುದೋ ಅಲ್ಲಿಗೆ ಅನ್ನನಾಳವೂ ಮುಗಿಯಿತು. ಅದರ ಕೆಳಗೆ ಎದೆಗೂಡಿನೊಳಗೆ ಕಾಣುವ ಕಂಬಕೋಶಗಳ ಕೊಳವೆಯು ನೋಟಕ್ಕೆ ಅನ್ನನಾಳದಂತಿದ್ದರೂ ವಾಸ್ತವವಾಗಿ ಮೇಲಕ್ಕೆಳೆಯಲ್ಪಟ್ಟ ಜಠರವೇ ಸರಿ. ಹುಟ್ಟಿನಿಂದಲೇ ಅನ್ನನಾಳವು ಗಿಡ್ಡಾಗಿದ್ದುದರಿಂದ ಹೀಗಾಗಿದೆ. ಇದು ಅವರ ವಾದ. ಲಕ್ಷಣವನ್ನು ಮೊದಲು ಕಟ್ಟಿಕೊಂಡು ವಸ್ತುವನ್ನು ಅದಕ್ಕೆ ಹೊಂದಿಸುವ ತಾರ್ಕಿಕರ ಪದ್ಧತಿ ಇದರಲ್ಲಿ ಕಾಣುವುದು. ತರ್ಕವು ಸರಿ, ಹೊಂದಿಕೆ ತಪ್ಪು.

ಲೀಡ್ಸ್ ನಗರದ ಫಿಲಿಪ್ ಆಲಿಸನ್ನರು ಇದನ್ನು ಒಪ್ಪಲಿಲ್ಲ. ಅವರೂ ಅವರ ಸಹೋದ್ಯೋಗಿ ಜಾನ್‌ಸ್ಟನ್ನರೂ 1953ರಲ್ಲಿ ಏಳು ರೋಗಿಗಳ ವಿಚಾರವನ್ನು ಬರೆದು ಪ್ರತಿವಾದವನ್ನು ಮುಂದಿಟ್ಟರು. ಅದು ಬ್ಯಾರೆಟ್ಟರೇ ಸಂಪಾದಕರಾಗಿದ್ದ ‘ಥೋರಾಕ್ಸ್’ ಪತ್ರಿಕೆಯಲ್ಲಿಯೇ ಅಚ್ಚಾಯಿತೆಂಬುದನ್ನು ವಾಚಕರು ಗಮನಿಸತಕ್ಕುದು. ಆಲಿಸನ್ನರು ತರ್ಕಕ್ಕೆ ಇಳಿಯದೆ ನಾಳವನ್ನೇ ನೋಡಿದರು. ಜಠರಕ್ಕೆ ಹೊಟ್ಟೆಯ ಪರೆಯ ಹೊದಿಕೆಯುಂಟು, ಈ ಕೊಳವೆಗೆ ಅದಿರಲಿಲ್ಲ. ಇದರ ಮಾಂಸಖಂಡದ ರಚನೆ ಅನ್ನನಾಳದ್ದು. ಇದರ ಗೋಡೆಯಲ್ಲಿ ಅನ್ನನಾಳಕ್ಕೇ ಮೀಸಲಾದ ಲೋಳೆಗ್ರಂಥಿಗಳಿದ್ದುವು. ಕೆಂಪು ಪೊರೆಯ ನಡುವೆ ಅಲ್ಲಲ್ಲಿ ಚಪ್ಪಟೆ ಕೋಶಗಳ ನಡುಗಡ್ಡೆಗಳು ಉಳಿದಿದ್ದುವು. ಆದುದರಿಂದ ಇದು ಜಠರದ ಪೊರೆಯನ್ನು ಹೊದ್ದ ಅನ್ನನಾಳ. ಹೀಗೆ ವಾದವನ್ನು ಖಂಡಿಸಿದ ಮೇಲೆಯೂ ಆ ಪೊರೆಯ ಮೇಲೇಳುವ ಹುಣ್ಣುಗಳಿಗೆ ಬ್ಯಾರೆಟ್ಟರ ಹೆಸರನ್ನೇ ಇಡಬಹುದೆಂದು ಆಲಿಸನ್ನರು ಸೂಚಿಸಿದರು. 1957ರಲ್ಲಿ ಬ್ಯಾರೆಟ್ಟರು ತಮ್ಮ ಅಭಿಪ್ರಾಯವನ್ನು ಬಹಿರಂಗವಾಗಿ ಬದಲಿಸಿ, ಇದು ಅನ್ನನಾಳವೇ ಎಂದು ಬರೆದರು. ಅವರು 1979ರಲ್ಲಿ ತೀರಿಕೊಂಡರು. ಹೆಸರು ಮಾತ್ರ ಹುಣ್ಣಿನಿಂದ ಇಡೀ ನಾಳಕ್ಕೆ ಹಬ್ಬಿ ನಿಂತಿತು. ಎದುರಾಳಿಯ ಔದಾರ್ಯದಿಂದ ಬಂದ ಇಂತಹ ಹೆಸರು ಶಾಸ್ತ್ರದ ಚರಿತ್ರೆಯಲ್ಲಿ ಅಪರೂಪವೆಂದೇ ಹೇಳಬೇಕು.

ಇವರ ವಿವಾದಕ್ಕೆ ಬಹುಕಾಲದ ಮೇಲೆ ಒಂದು ವಿಚಿತ್ರವಾದ ತಿರುವು ಬಂದಿತು. ಈ ಕಂಬಕೋಶಗಳ ಮೂಲವು ಯಾವುದೆಂಬುದನ್ನು ಕೇಂಬ್ರಿಡ್ಜಿನ ಸಂಶೋಧಕರು ಒಂದೊಂದು ಕೋಶದ ಜೀನುಗಳ ವರ್ತನೆಯನ್ನು ಓದಿ ಪರಿಶೀಲಿಸಿ, ಅವು ಜಠರದ ಮೇಲ್ತುದಿಯ ಕೋಶಗಳಿಂದಲೇ ಹುಟ್ಟುವುವೆಂದು 2021ರಲ್ಲಿ ಪ್ರಕಟಿಸಿದರು. ನಾಳವು ಆಲಿಸನ್ನರು ಹೇಳಿದಂತೆ ಅನ್ನನಾಳ. ಅದರ ಹೊದಿಕೆಯು ಬ್ಯಾರೆಟ್ಟರು ಸಂಶಯಪಟ್ಟಂತೆ ಜಠರದ ಸಂತತಿ.

ಹುಟ್ಟಿನಿಂದ ಬಂದ ದೋಷವಲ್ಲ, ಬಳಿಕ ಗಳಿಸಿದ ಸ್ಥಿತಿಯೆಂಬುದು ಪ್ರಯೋಗದಿಂದ ಸ್ಥಿರವಾದುದು 1970ರಲ್ಲಿ. ಬ್ರೆಮ್ನರ್ ಮತ್ತು ಅವರ ಸಂಗಡಿಗರು ನಾಯಿಗಳ ಅನ್ನನಾಳದ ಕೆಳಭಾಗದ ಒಳಮೈಯನ್ನು ಕೆತ್ತಿ ತೆಗೆದರು. ಆಮ್ಲವು ಮೇಲಕ್ಕುಕ್ಕುವಂತೆ ಮಾಡಿದ ನಾಯಿಗಳಲ್ಲಿ ಗಾಯವು ಕಂಬಕೋಶಗಳಿಂದ ಮಾಯಿತು. ಅಷ್ಟರಲ್ಲಿ ನೋಡುವ ಉಪಕರಣವೂ ಬದಲಾಗಿದ್ದಿತು. ಗಾಜಿನ ಎಳೆಗಳ ಮೂಲಕ ಬೆಳಕನ್ನು ಬಗ್ಗಿಸಿ ಒಯ್ಯುವ ಎಂಡೋಸ್ಕೋಪನ್ನು ಬೇಸಿಲ್ ಹಿರ್ಷೊವಿಟ್ಜರು 1957ರಲ್ಲಿ ಮಿಷಿಗನ್ನಿನಲ್ಲಿ ಸಿದ್ಧಪಡಿಸಿದರು; ಮೊದಲು ನುಂಗಿದವರೂ ಅವರೇ. ಇದರಿಂದ ಕತ್ತಿ ನುಂಗುವವನಲ್ಲದ ಸಾಮಾನ್ಯ ಮನುಷ್ಯನ ನಾಳದಿಂದಲೂ ಪೊರೆಯ ಚೂರನ್ನು ಕಿತ್ತು ಸೂಕ್ಷ್ಮದರ್ಶಕದ ಕೆಳಗಿಡುವುದು ಸುಲಭವಾಯಿತು. 1976ರಲ್ಲಿ ಪಾಲ್ ಮತ್ತು ಸಹಚರರು, ಹನ್ನೊಂದು ರೋಗಿಗಳ ಚೂರುಗಳನ್ನು ಹೋಲಿಸಿ, ಈ ಪೊರೆಯಲ್ಲಿ ಮೂರು ಬಗೆಗಳಿರುವುವೆಂದೂ ಅದರಲ್ಲೊಂದರಲ್ಲಿ ಕರುಳಿನಲ್ಲಿರತಕ್ಕ ಬಟ್ಟಲಿನಾಕಾರದ ಕೋಶಗಳು ಇರುವುವೆಂದೂ ತೋರಿಸಿದರು. ಅರ್ಬುದದ ಭಯವು ಮುಖ್ಯವಾಗಿ ಈ ಮೂರನೆಯ ಬಗೆಯೊಡನೆ ಹೊಂದಿಕೊಂಡಿರುವುದೆಂದು ಬಳಿಕ ತಿಳಿಯಿತು.

ಅರ್ಬುದದ ಸಂಬಂಧವು 1952ರಲ್ಲಿಯೇ ಒಂದು ರೋಗಿಯ ವೃತ್ತಾಂತದಿಂದ ಬೆಳಕಿಗೆ ಬಂದಿದ್ದಿತು. 1975ರಲ್ಲಿ ಸ್ವಿಟ್ಜರ್ಲೆಂಡಿನ ನೆಫ್, ಸವಾರಿ ಮತ್ತು ಒಜೆಲ್ಲೊ ಎಂಬವರು 140 ರೋಗಿಗಳಲ್ಲಿ ಹನ್ನೆರಡು ಮಂದಿಗೆ ಅರ್ಬುದವಿದ್ದುದನ್ನು ತಿಳಿಸಿದ ಮೇಲೆ ಕಳವಳವು ಹೆಚ್ಚಿತು. ಅಮೆರಿಕಾದಲ್ಲಿ ಈ ಬಗೆಯ ಅರ್ಬುದವು 1976ರಿಂದ 1987ರ ವರೆಗಿನ ಅವಧಿಯಲ್ಲಿ ಬಿಳಿಯ ಗಂಡಸರಲ್ಲಿ ಬೇರೆ ಯಾವ ಅರ್ಬುದಕ್ಕಿಂತಲೂ ವೇಗವಾಗಿ ಏರುತ್ತಿದೆಯೆಂದು 1991ರಲ್ಲಿ ಬ್ಲಾಟ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. 1999ರಲ್ಲಿ ಸ್ವೀಡನ್ನಿನ ಲಾಗರ್‌ಗ್ರೆನ್ನರು, ವಾರಕ್ಕೊಮ್ಮೆಯಾದರೂ ಎದೆಯುರಿಯುಳ್ಳವರಲ್ಲಿ ಇದರ ಸಂಭವವು ಉಳಿದವರಿಗಿಂತ ಸುಮಾರು 7.7 ಪಟ್ಟೆಂದೂ, ದೀರ್ಘಕಾಲದ ತೀವ್ರವಾದ ಉರಿಯುಳ್ಳವರಲ್ಲಿ 43.5 ಪಟ್ಟೆಂದೂ ತೋರಿಸಿದರು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಕನ್ನಡ ನಾಡಿನಲ್ಲಿಯೂ ಭಾರತದ ಉಳಿದ ಭಾಗಗಳಲ್ಲಿಯೂ ಅನ್ನನಾಳದ ಅರ್ಬುದವು ಅಪರೂಪವಲ್ಲ. ಬೆಂಗಳೂರಿನಲ್ಲಿ 1982ರಿಂದ ನಡೆದುಬಂದಿರುವ ಅರ್ಬುದ ದಾಖಲೆಗಳಲ್ಲಿ ಅದು ಮುಖ್ಯವಾದವುಗಳ ಸಾಲಿನಲ್ಲಿದೆ. ಆದರೆ ಇಲ್ಲಿ ಹೆಚ್ಚಾಗಿ ಕಾಣುವುದು ಚಪ್ಪಟೆ ಕೋಶಗಳಿಂದಲೇ ಹುಟ್ಟುವ ಬೇರೊಂದು ಜಾತಿ. ಹೊಗೆಸೊಪ್ಪು, ಅಡಕೆ, ಮದ್ಯ ಇವೇ ಅದರ ಮುಖ್ಯ ಕಾರಣಗಳು, ಎದೆಯುರಿಯಲ್ಲ. ಅದಕ್ಕೂ ಪೂರ್ವಸ್ಥಿತಿಯೊಂದುಂಟು. ಆ ರೋಗವು ದಟ್ಟವಾಗಿರುವ ಚೀನಾ ದೇಶದ ಲಿನ್‌ಶಿಯಾನ್ ಪ್ರಾಂತದಲ್ಲಿ, ಚೂರು ತೆಗೆದು ಪರೀಕ್ಷಿಸಿದ ಜನರನ್ನು ಹದಿಮೂರೂವರೆ ವರ್ಷ ಕಾದು ನೋಡಿದಾಗ, ಮೊದಲಿಗೆ ಸಹಜವಾದ ಒಳಮೈಯಿದ್ದವರಲ್ಲಿ ಶೇಕಡಾ 8 ಮಂದಿಗೂ, ಅಲ್ಪ ವಿಕೃತಿಯಿದ್ದವರಲ್ಲಿ 24 ಮಂದಿಗೂ, ಮಧ್ಯಮ ವಿಕೃತಿಯಿದ್ದವರಲ್ಲಿ 50 ಮಂದಿಗೂ, ತೀವ್ರ ವಿಕೃತಿಯಿದ್ದವರಲ್ಲಿ 74 ಮಂದಿಗೂ ಅರ್ಬುದವಾಯಿತೆಂದು 2005ರಲ್ಲಿ ಪ್ರಕಟವಾಯಿತು. ಅಲ್ಲಿ ಕಣ್ಣಿಗೆ ಕಾಣುವ ವಿಕೃತಿಯೇ ಸಾಕಷ್ಟು ಒಳ್ಳೆಯ ಜೋಯಿಸ. ಬ್ಯಾರೆಟ್ಟರ ಅನ್ನನಾಳದಲ್ಲಿಯಾದರೋ ಹಾಗಾಗಲಿಲ್ಲ.

ಬ್ಯಾರೆಟ್ಟರ ಪೊರೆಯಿಂದ ಅರ್ಬುದದ ವರೆಗಿನ ದಾರಿಯನ್ನು ವೈದ್ಯರು ಮೆಟ್ಟಿಲುಗಳಾಗಿ ವಿಂಗಡಿಸಿದ್ದರು: ಮೊದಲು ವಿಕೃತಿಯಿಲ್ಲದ ಪೊರೆ, ಅನಂತರ ಕೆಳದರ್ಜೆಯ ವಿಕೃತಿ, ಅದರಾಚೆ ಮೇಲ್ದರ್ಜೆಯ ವಿಕೃತಿ, ಕೊನೆಗೆ ಅರ್ಬುದ. ರೋಗಿಯನ್ನು ವರ್ಷ ಎರಡು ವರ್ಷಕ್ಕೊಮ್ಮೆ ಕರೆಸಿ, ನಾಳದ ಪ್ರತಿ ಎರಡು ಸೆಂಟಿಮೀಟರಿಗೆ ನಾಲ್ಕು ದಿಕ್ಕಿನಿಂದಲೂ ಚೂರುಗಳನ್ನು ತೆಗೆದು, ಅವನು ಯಾವ ಮೆಟ್ಟಿಲಲ್ಲಿರುವನೆಂದು ನೋಡುವುದು ವಾಡಿಕೆಯಾಯಿತು. ಮೇಲ್ದರ್ಜೆಯ ವಿಕೃತಿ ಕಂಡರೆ 1980 ಮತ್ತು 1990ರ ದಶಕಗಳಲ್ಲಿ ಅನೇಕ ಶಸ್ತ್ರವೈದ್ಯರು ಕೊಡುತ್ತಿದ್ದ ಸಲಹೆಯು, ಅನ್ನನಾಳವನ್ನೇ ಕತ್ತರಿಸಿ ತೆಗೆದು ಜಠರವನ್ನು ಮೇಲಕ್ಕೆಳೆದು ಜೋಡಿಸುವುದು. ಇದು ಸಣ್ಣ ಕೆಲಸವಲ್ಲ. ನಿಪುಣರ ಕೈಯಲ್ಲಿಯೂ ನೂರರಲ್ಲಿ ಕೆಲವರು ಆ ಶಸ್ತ್ರಕ್ರಿಯೆಯಿಂದಲೇ ಸಾಯುತ್ತಿದ್ದರು. ಉಳಿದವರ ಉಣ್ಣುವ ರೀತಿಯು ಜೀವಮಾನವಿಡೀ ಬದಲಾಗುತ್ತಿತ್ತು. ಇನ್ನೂ ಅರ್ಬುದವೇ ಆಗದ, ಮುಂದೆಯೂ ಆಗದೆ ಇರಬಹುದಾದ ಒಬ್ಬ ಮನುಷ್ಯನನ್ನು ಈ ಅಪಾಯಕ್ಕೊಡ್ಡುವುದು ಧರ್ಮವೆ? ಕಾದು ನೋಡೋಣವೆಂದು ಬಿಟ್ಟು, ಅಷ್ಟರಲ್ಲಿ ರೋಗವು ಹಬ್ಬಿದರೆ ಹೊಣೆ ಯಾರು? ಗುರುತಿನ ಪ್ರಶ್ನೆಯು ಕೇವಲ ಪಾಂಡಿತ್ಯದ ಪ್ರಶ್ನೆಯಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಮೇಲಾಗಿ ಮೆಟ್ಟಿಲುಗಳನ್ನು ಗುರುತಿಸುವವರಲ್ಲಿಯೇ ಒಮ್ಮತವಿರಲಿಲ್ಲ. ಅನುಭವಿಗಳಾದ ರೋಗಶಾಸ್ತ್ರಜ್ಞರಿಗೆ ಒಂದೇ ಗಾಜಿನ ತಗಡುಗಳನ್ನು ಕೊಟ್ಟು ಪರೀಕ್ಷಿಸಿದ ಫಲಿತಾಂಶವು 1988ರಲ್ಲಿ ಹೊರಬಂದಿತು. ಮೇಲ್ದರ್ಜೆಯ ವಿಕೃತಿಯ ವಿಷಯದಲ್ಲಿ ಅವರು ಬಹುಮಟ್ಟಿಗೆ ಒಪ್ಪಿದರು. ಕೆಳದರ್ಜೆಯ ವಿಷಯದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದಲಿಲ್ಲ. ಉರಿಯೂತದಿಂದ ಕೆರಳಿದ ಕೋಶವೂ ಕೆಡಲಾರಂಭಿಸಿದ ಕೋಶವೂ ನೋಡಲು ಹೆಚ್ಚುಕಡಮೆ ಒಂದೇ ತೆರನಾಗಿರುವುದೇ ಇದಕ್ಕೆ ಕಾರಣ. ಹಾಲೆಂಡಿನಲ್ಲಿ ಊರ ಆಸ್ಪತ್ರೆಗಳಲ್ಲಿ ಕೆಳದರ್ಜೆಯ ವಿಕೃತಿಯೆಂದು ಬರೆದುಕೊಟ್ಟ 147 ರೋಗಿಗಳ ಚೂರುಗಳನ್ನು ಪರಿಣತರಿಬ್ಬರು ಮತ್ತೆ ನೋಡಿದಾಗ, ಶೇಕಡಾ 85 ಮಂದಿಯಲ್ಲಿ ಆ ತೀರ್ಪು ನಿಲ್ಲಲಿಲ್ಲ. ಆದರೆ ತೀರ್ಪು ನಿಂತ ಕೆಲವೇ ಮಂದಿಯಲ್ಲಿ ವರ್ಷಕ್ಕೆ ಶೇಕಡಾ 13.4ರಂತೆ ರೋಗವು ಮೇಲ್ದರ್ಜೆಗೋ ಅರ್ಬುದಕ್ಕೋ ಏರಿತು. ನಿಲ್ಲದವರಲ್ಲಿ ಅದು ಶೇಕಡಾ 0.49 ಮಾತ್ರ. 2010ರಲ್ಲಿ ಪ್ರಕಟವಾದ ಈ ವಿವರದ ಅರ್ಥವಿಷ್ಟೆ: ಭಯಪಟ್ಟವರಲ್ಲಿ ಬಹುಮಂದಿಗೆ ಭಯಕ್ಕೆ ಕಾರಣವಿರಲಿಲ್ಲ; ಕಾರಣವಿದ್ದವರಿಗೆ ಇದ್ದ ಭಯವು ಸಾಲದು.

ಕೋಶದ ಆಕಾರವು ಹೀಗೆ ಕೈಕೊಟ್ಟಾಗ ಅದರ ಒಳಗಿನ ದ್ರವ್ಯವನ್ನು ಅಳೆದು ನೋಡುವ ಯೋಚನೆ ಹುಟ್ಟಿತು. ಅರ್ಬುದದ ಕೋಶಗಳು ವಿಭಜನೆಯಾಗುವಾಗ ವರ್ಣತಂತುಗಳು ಸರಿಪಾಲಾಗಿ ಹಂಚಿಹೋಗುವುದಿಲ್ಲವೆಂಬುದನ್ನು ಜರ್ಮನಿಯ ಹಾನ್ಸೆಮನ್ನರು 1890ರಲ್ಲಿಯೇ ಕಂಡಿದ್ದರು. ಥಿಯೋಡೋರ್ ಬೊವೆರಿಯವರು 1914ರಲ್ಲಿ ಅದರ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದರು. ಅಮೆರಿಕಾದ ಸಿಯಾಟಲ್ ನಗರದಲ್ಲಿ ಬ್ರಯನ್ ರೀಡರು 1983ರಲ್ಲಿ ಆರಂಭಿಸಿದ ಪರಿಶೋಧನೆಯು ಈ ಹಳೆಯ ಮಾತಿಗೆ ಹೊಸ ಯಂತ್ರವನ್ನು ಜೋಡಿಸಿತು. ಚೂರಿನಿಂದ ಬಿಡಿಸಿದ ಕೋಶಬೀಜಗಳಿಗೆ, ಡಿ.ಎನ್.ಎ.ಗೆ ಅಂಟಿ ಬೆಳಗುವ ಬಣ್ಣವನ್ನು ಹಚ್ಚಿ, ಸಣ್ಣ ಧಾರೆಯಲ್ಲಿ ಒಂದರ ಹಿಂದೊಂದರಂತೆ ಬೆಳಕಿನ ಮುಂದೆ ಹರಿಸುವರು. ಹೊಳಪು ಎಷ್ಟೋ ಡಿ.ಎನ್.ಎ.ಯ ಮೊತ್ತ ಅಷ್ಟು. ಆರೋಗ್ಯವಂತ ಕೋಶದಲ್ಲಿ ಎರಡು ಪಾಲು. ವಿಭಜನೆಗೆ ಅಣಿಯಾದ ಕೋಶದಲ್ಲಿ ನಾಲ್ಕು ಪಾಲು. ಈ ಎರಡಕ್ಕೂ ಸೇರದ ಮೊತ್ತವು ಕಂಡರೆ, ಇಲ್ಲವೆ ನಾಲ್ಕು ಪಾಲಿನವು ಮಿತಿಮೀರಿದ್ದರೆ, ಒಳಗೆ ಲೆಕ್ಕ ತಪ್ಪಿದೆಯೆಂದು ತಿಳಿಯಬೇಕು.

ರೀಡರೂ ಅವರ ಸಹೋದ್ಯೋಗಿ ರಾಬಿನೋವಿಚ್ ಮೊದಲಾದವರೂ 62 ರೋಗಿಗಳನ್ನು ಸರಾಸರಿ 34 ತಿಂಗಳು ಹಿಂಬಾಲಿಸಿ 1992ರಲ್ಲಿ ಫಲವನ್ನು ತಿಳಿಸಿದರು. ಮೊದಲ ಪರೀಕ್ಷೆಯಲ್ಲಿ ಲೆಕ್ಕ ತಪ್ಪಿದ್ದವರು 13 ಮಂದಿ; ಅವರಲ್ಲಿ 9 ಮಂದಿಗೆ ಮೇಲ್ದರ್ಜೆಯ ವಿಕೃತಿಯೋ ಅರ್ಬುದವೋ ಆಯಿತು. ಲೆಕ್ಕ ಸರಿಯಿದ್ದ 49 ಮಂದಿಯಲ್ಲಿ ಒಬ್ಬರಿಗೂ ಆಗಲಿಲ್ಲ. ಹೆಚ್ಚು ಜನರ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ವಿಚಾರಣೆಯಲ್ಲಿಯೂ, ಮೇಲ್ದರ್ಜೆಯ ವಿಕೃತಿಯಿಲ್ಲದವರ ಪೈಕಿ ಲೆಕ್ಕ ಸರಿಯಿದ್ದವರಲ್ಲಿ ಐದು ವರ್ಷದೊಳಗೆ ಅರ್ಬುದವಾದವರು ಯಾರೂ ಇಲ್ಲ. ತಪ್ಪಿದ್ದವರಲ್ಲಿ ಅದರ ಸಂಭವ ಶೇಕಡಾ 28. ಇದು ಚಿಕ್ಕ ಮಾತಲ್ಲ. ಅಲ್ಲಿಯವರೆಗೆ ಎಲ್ಲರಿಗೂ ಒಂದೇ ಬಗೆಯ ಎಚ್ಚರಿಕೆಯನ್ನು ಹೇಳುತ್ತಿದ್ದ ವೈದ್ಯನು, ಒಬ್ಬನಿಗೆ ನೀನು ನಿಶ್ಚಿಂತನಾಗಿ ಹೋಗಿ ಬಾ ಎಂದೂ ಇನ್ನೊಬ್ಬನಿಗೆ ಬೇಗನೆ ಬಾ ಎಂದೂ ಹೇಳುವುದಕ್ಕೆ ಮೊದಲ ಬಾರಿಗೆ ಒಂದು ಆಧಾರ ದೊರೆಯಿತು.

ಲೆಕ್ಕವೇಕೆ ತಪ್ಪುವುದೆಂದು ಹುಡುಕುತ್ತ ಹೋದವರು ಹದಿನೇಳನೆಯ ವರ್ಣತಂತುವಿನ ಗಿಡ್ಡ ತೋಳಿಗೆ ಬಂದು ನಿಂತರು. ಪಿ-53 ಎಂಬ ಜೀನಿನ ನೆಲೆ ಅದು. ಇದರಿಂದ ಹುಟ್ಟುವ ಪ್ರೋಟೀನನ್ನು 1979ರಲ್ಲಿ ಹಲವರು ಬೇರೆ ಬೇರೆಯಾಗಿ ಕಂಡುಹಿಡಿದಿದ್ದರು. ಮೊದಲ ಹತ್ತು ವರ್ಷ ಅದು ಅರ್ಬುದವನ್ನು ಬೆಳೆಸುವ ವಸ್ತುವೆಂದೇ ಎಲ್ಲರೂ ನಂಬಿದ್ದರು. ಅದು ಕಳ್ಳನಲ್ಲ, ಕಾವಲುಗಾರನೆಂಬುದು 1989ರ ವೇಳೆಗೆ ತಿಳಿಯಿತು. ಡಿ.ಎನ್.ಎ. ಕೆಟ್ಟ ಕೋಶವನ್ನು ವಿಭಜನೆಯಾಗದಂತೆ ತಡೆಯುವುದು, ತಡೆಯಲಾರದಾದರೆ ಸಾಯಿಸುವುದು ಇದರ ಕೆಲಸ. ತಂದೆಯಿಂದೊಂದು ತಾಯಿಯಿಂದೊಂದು ಬಂದ ಎರಡು ಪ್ರತಿಗಳಲ್ಲಿ ಒಂದು ಕಳೆದುಹೋಗಿದೆಯೆ ಎಂದು ಸಿಯಾಟಲ್ಲಿನವರು 256 ರೋಗಿಗಳಲ್ಲಿ ನೋಡಿದರು. 2001ರ ವರದಿಯಂತೆ, ಎರಡೂ ಉಳಿದಿದ್ದ 202 ಮಂದಿಯಲ್ಲಿ ಮೂರು ವರ್ಷದೊಳಗಿನ ಅರ್ಬುದದ ಸಂಭವ ಶೇಕಡಾ 3.3, ಒಂದು ಕಳೆದಿದ್ದ 54 ಮಂದಿಯಲ್ಲಿ ಶೇಕಡಾ 38.

ಹೀಗಿದ್ದರೂ ಈ ಪರೀಕ್ಷೆಗಳು ಊರೂರಿನ ಆಸ್ಪತ್ರೆಗಳಿಗೆ ಇಳಿಯಲಿಲ್ಲ. ಚೂರುಗಳನ್ನು ಹೆಪ್ಪುಗಟ್ಟಿಸಿ ಇಡಬೇಕು, ಯಂತ್ರಗಳು ಬೇಕು, ನುರಿತ ಕೈ ಬೇಕು. ಸುಲಭವಾದ ದಾರಿಯೆಂದರೆ ಸಾಧಾರಣ ಗಾಜಿನ ತಗಡಿನ ಮೇಲೆಯೇ ಪಿ-53 ಪ್ರೋಟೀನಿಗೆ ಬಣ್ಣ ಕಟ್ಟಿಸಿ ನೋಡುವುದು. ಕೆಟ್ಟ ಪ್ರೋಟೀನು ಕೋಶಬೀಜದಲ್ಲಿ ಶೇಖರವಾಗಿ ಗಾಢವಾಗಿ ಕಾಣುವುದರಿಂದ ಗಾಢವಾದ ಬಣ್ಣವೇ ಅಪಾಯವೆಂದು ಮೊದಲು ಭಾವಿಸಿದ್ದರು. ಹಾಲೆಂಡಿನಲ್ಲಿ 635 ರೋಗಿಗಳನ್ನು ಕುರಿತು ಕಾಸ್ಟಲೈನರು 2013ರಲ್ಲಿ ಪ್ರಕಟಿಸಿದ ವಿಚಾರಣೆಯಿಂದ ಇದರ ಇನ್ನೊಂದು ಮುಖವು ಹೊರಬಿತ್ತು. ಬಣ್ಣವು ಅತಿಯಾದವರಲ್ಲಿ ಅಪಾಯವು ಸುಮಾರು 5.6 ಪಟ್ಟು, ಬಣ್ಣವೇ ಇಲ್ಲದವರಲ್ಲಿ 14 ಪಟ್ಟು. ಕಾವಲುಗಾರನು ಹುಚ್ಚನಾಗುವುದಕ್ಕಿಂತ ಇಲ್ಲದೆ ಹೋಗುವುದು ಹೆಚ್ಚು ಕೇಡು. ಬಣ್ಣವಿಲ್ಲದ ತಗಡನ್ನು ಸಹಜವೆಂದು ಬದಿಗಿಟ್ಟ ಪ್ರಸಂಗಗಳು ಅದುವರೆಗೆ ಎಷ್ಟು ನಡೆದಿರಬಹುದೆಂದು ಯೋಚಿಸಿದರೆ ಮನಸ್ಸಿಗೆ ಕಸಿವಿಸಿಯಾಗುವುದು. ಬ್ರಿಟನ್ನಿನ ಜಠರರೋಗ ವೈದ್ಯರ ಸಂಘವು 2014ರ ತನ್ನ ಸೂಚನೆಗಳಲ್ಲಿ, ವಿಕೃತಿಯ ನಿರ್ಣಯಕ್ಕೆ ಈ ಬಣ್ಣದ ಪರೀಕ್ಷೆಯನ್ನು ಸಹಾಯಕವಾಗಿ ಬಳಸಬಹುದೆಂದು ಹೇಳಿತು.

ಗುರುತುಗಳ ಬೇಟೆಯಲ್ಲಿ ಕೆಲವು ವಿಚಿತ್ರವಾದ ಸಾಧನಗಳೂ ಸಿಕ್ಕಿದುವು. ಜಪಾನಿನವರು ಅಕ್ಕಿಯ ಮದ್ಯವನ್ನೂ ಸೋಯಾ ಅವರೆಯ ರಸವನ್ನೂ ಹುದುಗಿಸಲು ಬಳಸುವ ಬೂಷ್ಟಿನಿಂದ ತೆಗೆದ ಒಂದು ಪ್ರೋಟೀನು, ಕೆಡುತ್ತಿರುವ ಕೋಶಗಳ ಮೇಲಿನ ಸಕ್ಕರೆಯ ಅಂಶಕ್ಕೆ ಅಂಟಿಕೊಳ್ಳುವುದು. ಉತ್ತರ ಐರ್ಲೆಂಡಿನ ರೋಗಿಗಳ ದಾಖಲೆಯನ್ನು ಆಧರಿಸಿ 2012ರಲ್ಲಿ ಹಲವು ಗುರುತುಗಳನ್ನು ಹೋಲಿಸಿ ನೋಡಿದಾಗ, ಕೆಳದರ್ಜೆಯ ವಿಕೃತಿ, ಡಿ.ಎನ್.ಎ.ಯ ಮೊತ್ತ, ಈ ಬೂಷ್ಟಿನ ಅಂಟು, ಈ ಮೂರೂ ಕೂಡಿದರೆ ಒಂದೊಂದಕ್ಕಿಂತ ಚೆನ್ನಾಗಿ ಭವಿಷ್ಯವನ್ನು ಹೇಳುವುವೆಂದು ಕಂಡಿತು.

ಇದಕ್ಕಿಂತ ಆಳವಾದ ಒಂದು ವಿಚಾರವನ್ನು 2006ರಲ್ಲಿ ಕಾರ್ಲೊ ಮೇಲಿಯವರು ಸಿಯಾಟಲ್ಲಿನ 268 ರೋಗಿಗಳ ಆಧಾರದಿಂದ ಮುಂದಿಟ್ಟರು. ಕಾಡಿನಲ್ಲಿ ಎಷ್ಟು ಜಾತಿಯ ಮರಗಳಿವೆಯೆಂದು ವನಶಾಸ್ತ್ರಜ್ಞರು ಎಣಿಸುವಂತೆ, ಒಬ್ಬನ ಪೊರೆಯಲ್ಲಿ ಜೀನುಗಳ ಭೇದದಿಂದ ಎಷ್ಟು ಕುಲದ ಕೋಶಗಳಿವೆಯೆಂದು ಅವರು ಎಣಿಸಿದರು. ಕುಲಗಳ ವೈವಿಧ್ಯವು ಹೆಚ್ಚಿದಷ್ಟೂ ಅರ್ಬುದದ ಸಂಭವವೂ ಹೆಚ್ಚು. ಅನೇಕ ಕುಲಗಳು ಪೈಪೋಟಿ ನಡೆಸಿದಲ್ಲಿ ಅತಿ ದುಷ್ಟವಾದುದು ಗೆಲ್ಲುವ ಸಂದರ್ಭವೂ ಹೆಚ್ಚೆಂಬುದು ಇದರ ತಾತ್ಪರ್ಯ. ಇನ್ನೊಂದು ಕಡೆ, ಅರ್ಬುದದಲ್ಲಿ ಕಾಣುವ ಜೀನುಗಳ ಉತ್ಪರಿವರ್ತನೆಗಳೆಲ್ಲ ಒಳ್ಳೆಯ ಗುರುತುಗಳಾಗುವುವೆಂಬ ಆಸೆಯು 2014ರಲ್ಲಿ ಮುರಿಯಿತು. ಕೇಂಬ್ರಿಡ್ಜಿನ ರೆಬೆಕಾ ಫಿಟ್ಸ್‌ಜೆರಾಲ್ಡರ ತಂಡವು, ಎಂದೂ ಕೆಡದೆ ಉಳಿದ ಪೊರೆಗಳಲ್ಲಿಯೂ ಅವುಗಳಲ್ಲಿ ಹೆಚ್ಚಿನವು ಅಷ್ಟೇ ಪ್ರಮಾಣದಲ್ಲಿರುವುದನ್ನು ತೋರಿಸಿತು. ಮೇಲ್ದರ್ಜೆಯ ವಿಕೃತಿಯನ್ನು ಬೇರ್ಪಡಿಸಿ ಹೇಳಿದುದು ಪಿ-53 ಒಂದೇ. ಅರ್ಬುದವನ್ನು ಬೇರ್ಪಡಿಸಿದುದು ಇನ್ನೊಂದೇ ಒಂದು ಜೀನು. ಅದೇ ನಗರದಿಂದ 2020ರಲ್ಲಿ ಹೊರಟ ಮತ್ತೊಂದು ಬರಹದಲ್ಲಿ, 88 ರೋಗಿಗಳ ಹಳೆಯ ಚೂರುಗಳಲ್ಲಿ ವರ್ಣತಂತುಗಳ ತುಂಡುಗಳು ಎಲ್ಲೆಲ್ಲಿ ಹೆಚ್ಚಿವೆ, ಎಲ್ಲೆಲ್ಲಿ ಕಳೆದಿವೆ ಎಂದು ಓದಿದರೆ, ಅರ್ಬುದವಾಗುವ ಎಷ್ಟೋ ವರ್ಷ ಮುಂಚೆಯೇ ಅದರ ಸುಳಿವು ಸಿಕ್ಕುವುದೆಂದು ತಿಳಿದುಬಂದಿತು. ಹಾನ್ಸೆಮನ್ನರು 1890ರಲ್ಲಿ ಬರಿಗಣ್ಣಿನ ಶ್ರಮದಿಂದ ಸೂಕ್ಷ್ಮದರ್ಶಕದಲ್ಲಿ ಕಂಡುದೂ ಬಹುಮಟ್ಟಿಗೆ ಇದನ್ನೇ.

ಈ ಮಧ್ಯೆ ಅಪಾಯದ ಮೊತ್ತವೇ ಕುಗ್ಗಿತು. ಬ್ಯಾರೆಟ್ಟರ ಪೊರೆಯುಳ್ಳ ನೂರು ಜನರಲ್ಲಿ ವರ್ಷಕ್ಕೆ ಅರ್ಧ ಮನುಷ್ಯನಿಗೆ, ಎಂದರೆ ಇನ್ನೂರರಲ್ಲಿ ಒಬ್ಬನಿಗೆ, ಅರ್ಬುದವಾಗುವುದೆಂದು ಬಹುಕಾಲ ನಂಬಿದ್ದರು. ಡೆನ್ಮಾರ್ಕ್ ದೇಶದ 11,028 ರೋಗಿಗಳ ದಾಖಲೆಯಿಂದ 2011ರಲ್ಲಿ ತೆಗೆದ ಲೆಕ್ಕದಂತೆ, ಮೊದಲ ವರ್ಷವನ್ನು ಬಿಟ್ಟರೆ, ಅದು ಸಾವಿರಕ್ಕೆ 1.2 ಮಾತ್ರ. ಇದರಿಂದ ಗುರುತಿನ ಪರೀಕ್ಷೆಗೆ ಒದಗುವ ಕಷ್ಟವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಸಾವಿರ ಜನರಲ್ಲಿ ಹತ್ತು ವರ್ಷಕ್ಕೆ ಹನ್ನೆರಡು ಮಂದಿಗೆ ಅರ್ಬುದವಾಗುವುದೆನ್ನೋಣ. ಹತ್ತಕ್ಕೆ ಒಂಬತ್ತು ಸಲ ಸರಿಯಾದ ಉತ್ತರವನ್ನು ಕೊಡುವ ಪರೀಕ್ಷೆಯೊಂದು ಇದ್ದರೂ, ಅದು ಆ ಹನ್ನೆರಡರಲ್ಲಿ ಹನ್ನೊಂದು ಮಂದಿಯನ್ನು ಹಿಡಿಯುವುದು. ಜೊತೆಗೆ ಏನೂ ಆಗದ ತೊಂಬತ್ತೊಂಬತ್ತು ಮಂದಿಯನ್ನೂ ಹಿಡಿಯುವುದು. ಹಿಡಿದ ನೂರಹತ್ತರಲ್ಲಿ ನಿಜವಾದವರು ಹನ್ನೊಂದು. ಆ ನೂರಹತ್ತು ಮಂದಿಯ ಅನ್ನನಾಳವನ್ನು ಕತ್ತರಿಸಬೇಕಾಗಿ ಬಂದಿದ್ದರೆ ಇಂತಹ ಗುರುತು ಶಾಪವಾಗುತ್ತಿತ್ತು.

ಹಾಗಾಗದಂತೆ ಮಾಡಿದುದು ಚಿಕಿತ್ಸೆಯ ಬದಲಾವಣೆ. ನಾಳವನ್ನು ಕತ್ತರಿಸದೆ, ಎಂಡೋಸ್ಕೋಪಿನ ಮೂಲಕವೇ ವಿದ್ಯುತ್ತರಂಗಗಳ ಶಾಖದಿಂದ ಕೆಟ್ಟ ಪೊರೆಯನ್ನು ಮಾತ್ರ ಸುಡುವ ಕ್ರಮವನ್ನು 2009ರಲ್ಲಿ ಅಮೆರಿಕಾದಲ್ಲಿ 127 ರೋಗಿಗಳ ಮೇಲೆ ಪರೀಕ್ಷಿಸಿ ಫಲ ಕಂಡರು. ಕೆಳದರ್ಜೆಯ ವಿಕೃತಿಯು ಪರಿಣತರಿಂದ ಸ್ಥಿರಪಟ್ಟ 136 ಮಂದಿಯ ಮೇಲೆ ಯುರೋಪಿನಲ್ಲಿ ನಡೆದ ಪ್ರಯೋಗದಲ್ಲಿ, ಸುಡದೆ ಕಾದವರಲ್ಲಿ ಶೇಕಡಾ 26.5 ಮಂದಿಗೆ ರೋಗವು ಏರಿತು. ಸುಡಿಸಿಕೊಂಡವರಲ್ಲಿ ಶೇಕಡಾ 1.5 ಮಂದಿಗೆ. ಅದು 2014ರ ಮಾತು. ಇಂತಹ ಚಿಕಿತ್ಸೆಯಿರುವಾಗ ಗುರುತು ಒಂದೆರಡು ಸಲ ತಪ್ಪಿದರೂ ತಾಳಬಹುದು.

ಆದರೆ ಗುರುತನ್ನು ನೋಡಬೇಕಾದರೆ ಮೊದಲು ರೋಗಿಯು ಸಿಕ್ಕಬೇಕಷ್ಟೆ. ಬ್ಯಾರೆಟ್ಟರ ಪೊರೆಯನ್ನು ಹೊತ್ತವರಲ್ಲಿ ಬಹುಮಂದಿಗೆ ಅದು ತಿಳಿದೇ ಇರುವುದಿಲ್ಲ; ಎದೆಯುರಿಗೆ ಮಾತ್ರೆ ನುಂಗಿಕೊಂಡು ಕಾಲ ಕಳೆಯುವರು. ಇದಕ್ಕೆ ಫಿಟ್ಸ್‌ಜೆರಾಲ್ಡರ ತಂಡವು ಕಂಡುಕೊಂಡ ಉಪಾಯವು ಸರಳ. ದಾರಕ್ಕೆ ಕಟ್ಟಿದ ಗುಳಿಗೆಯೊಂದನ್ನು ರೋಗಿಯು ನುಂಗುವನು. ಹೊಟ್ಟೆಯಲ್ಲಿ ಅದರ ಹೊದಿಕೆಯು ಕರಗಿ ಒಳಗಿನ ಸ್ಪಂಜು ಅರಳುವುದು. ದಾರವನ್ನು ಮೇಲಕ್ಕೆಳೆದಾಗ ಅದು ನಾಳದ ಉದ್ದಕ್ಕೂ ಕೋಶಗಳನ್ನು ಉಜ್ಜಿ ತರುವುದು. ಆ ಕೋಶಗಳಲ್ಲಿ ಟಿ.ಎಫ್.ಎಫ್.-3 ಎಂಬ ಪ್ರೋಟೀನು ಕಂಡರೆ ಬ್ಯಾರೆಟ್ಟರ ಪೊರೆಯಿದೆಯೆಂದು ಅರ್ಥ. ಪಿ-53 ಕೆಟ್ಟಿದ್ದರೆ ಎಂಡೋಸ್ಕೋಪಿಗೆ ತಡಮಾಡಬಾರದೆಂದು ಅರ್ಥ. ಇಂಗ್ಲೆಂಡಿನಲ್ಲಿ ಎದೆಯುರಿಯ ಔಷಧ ಸೇವಿಸುತ್ತಿದ್ದ 13,222 ಜನರನ್ನು ಎರಡು ಪಾಲು ಮಾಡಿ ನಡೆಸಿದ ಪರೀಕ್ಷೆಯ ಫಲವು 2020ರಲ್ಲಿ ಹೊರಬಂದಿತು. ಸ್ಪಂಜನ್ನು ನೀಡಲು ಗೊತ್ತುಮಾಡಿದ ಪಾಲಿನಲ್ಲಿ 140 ಮಂದಿಗೂ, ಎಂದಿನ ಚಿಕಿತ್ಸೆಯ ಪಾಲಿನಲ್ಲಿ 13 ಮಂದಿಗೂ ಬ್ಯಾರೆಟ್ಟರ ಪೊರೆಯಿರುವುದು ತಿಳಿಯಿತು. ಮೊದಲ ಪಾಲಿನಲ್ಲಿ ಐವರ ಅರ್ಬುದವು ಮೊದಲ ಹಂತದಲ್ಲಿಯೇ ಸಿಕ್ಕಿತು.

ಎಲ್ಲರನ್ನೂ ಒಂದೇ ಸಮನೆ ಕಾಯುವುದರಿಂದ ಎಷ್ಟು ಜೀವಗಳು ಉಳಿಯುವುವೆಂಬುದಕ್ಕೂ ಈಚೆಗೆ ಒಂದು ಉತ್ತರ ದೊರೆತಿದೆ. ಬ್ರಿಟನ್ನಿನಲ್ಲಿ 3,453 ರೋಗಿಗಳಲ್ಲಿ ಅರ್ಧ ಮಂದಿಯನ್ನು ಎರಡು ವರ್ಷಕ್ಕೊಮ್ಮೆ ಎಂಡೋಸ್ಕೋಪಿಗೆ ಕರೆಸಿ, ಉಳಿದವರನ್ನು ತೊಂದರೆಯಾದಾಗ ಮಾತ್ರ ಪರೀಕ್ಷಿಸಿ, ಹತ್ತು ವರ್ಷಕ್ಕೂ ಮೀರಿ ನಡೆಸಿದ ಪ್ರಯೋಗದ ಫಲವು 2025ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳ ಸಾವಿನ ಪ್ರಮಾಣದಲ್ಲಿ ಗಣನೀಯವಾದ ವ್ಯತ್ಯಾಸವು ಕಾಣಲಿಲ್ಲ. ಆರಿಸದೆ ಕಾಯುವ ಪದ್ಧತಿಯು ಹೀಗೆ ಸೋತುದರಿಂದ, ಆರಿಸಿ ಕಾಯುವುದಕ್ಕೆ ಆಧಾರವಾಗಬೇಕಾದ ಗುರುತುಗಳ ಮೇಲೆ ಭಾರವು ಹೆಚ್ಚಿದೆ. ಸ್ಪಂಜಿನ ಪರೀಕ್ಷೆಯಿಂದ ಈ ಅರ್ಬುದದ ಸಾವುಗಳು ನಿಜವಾಗಿ ಕಡಮೆಯಾಗುವುವೆ ಎಂದು ನೋಡಲು 1,20,000 ಜನರನ್ನು ಸೇರಿಸಿಕೊಳ್ಳುವ ಉದ್ದೇಶದಿಂದ ಬ್ರಿಟನ್ನಿನಲ್ಲಿ 2024ರಲ್ಲಿ ಹೊಸ ಪ್ರಯೋಗವೊಂದು ಆರಂಭವಾಗಿದೆ.